ನೋ ಡ್ಯೂಸ್ (ಬಾಕಿ ಏನೂ ಇಲ್ಲ) ಸಹಿ ಬಿಟ್ಟು ಲೈಬ್ರರಿಯನ್ ಹತ್ತಿರ ನೀವು ಏನಾದರೂ ಕೇಳಿದ್ದೀರಾ?

ಕಾಂಕ್ರೀಟ್_ಕುಮಾರ
ಬಿಇ ನಾಲ್ಕು ವರ್ಷ, ಈಗ ಎಂಟೆಕ್ ಎರಡನೇ ವರ್ಷ. ಇಷ್ಟು ವರ್ಷದಲ್ಲಿ ಲೈಬ್ರರಿಯನ್ ಜೊತೆ ನಾನು ಆಡಿದ ಮಾತೆಲ್ಲ ಸೇರಿಸಿದರೂ ಹತ್ತು ನಿಮಿಷ ಆಗಲಿಕ್ಕಿಲ್ಲ. ಅದರಲ್ಲೂ ಅರ್ಧ ಫೈನ್ ಬಗ್ಗೆ. ಹೋದ ವಾರ ಒಂದು ಎಡವಟ್ಟಾಯಿತು, ಅದಕ್ಕೇ ಈ ಪ್ರಶ್ನೆ.

ನನ್ನ ಪ್ರಾಜೆಕ್ಟ್ ಜಿಜಿಬಿಎಸ್ ಕಾಂಕ್ರೀಟ್ ಮೇಲೆ. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಪುಡಿ ಮಾಡಿ, ಸ್ವಲ್ಪ ಸಿಮೆಂಟಿನ ಬದಲಿಗೆ ಅದನ್ನು ಹಾಕುವುದು. ಲಿಟರೇಚರ್ ರಿವ್ಯೂಗೆ, ಅಂದರೆ ಹಿಂದಿನವರ ಸಂಶೋಧನೆ ಹೇಳುವ ಅಧ್ಯಾಯಕ್ಕೆ, ರೆಫರೆನ್ಸ್ ಕಡಿಮೆ ಬಿತ್ತು. ರೂಮ್‌ಮೇಟ್ ಮಾತು ಕೇಳಿ ಒಂದು ಎಐ ಚಾಟ್‌ಬಾಟ್‌ನಿಂದ ಒಂದಷ್ಟು ತುಂಬಿಸಿದೆ. ಗೈಡ್ ಏಳಕ್ಕೆ ಕೆಂಪು ಸುತ್ತು ಹಾಕಿ "ಇವುಗಳ ಪಿಡಿಎಫ್ ತಗೊಂಡು ಬಾ" ಅಂದರು. ಎರಡು ದಿನ ಹುಡುಕಿದೆ, ಒಂದೂ ಇಲ್ಲ. ನಮ್ಮ ಕಾಲೇಜಿಗೆ ಆ ಜರ್ನಲ್ ಬರುವುದಿಲ್ಲವೇನೋ ಅಂದುಕೊಂಡು ಲೈಬ್ರರಿಗೆ ಹೋದೆ.

ಮೇಡಂ ಮೊದಲನೆಯದರ ಡಿಒಐ, ಅಂದರೆ ಲೇಖನದ ಗುರುತಿನ ಸಂಖ್ಯೆ, ಹಾಕಿ ನೋಡಿದರು. ಅಂಥದ್ದು ಇಲ್ಲ ಅಂತ ಬಂತು. ಎರಡನೆಯದು ಹಾಕಿದರೆ ಮೀನು ಸಾಕಣೆಯ ಲೇಖನ ತೆರೆಯಿತು! ಮೂರನೆಯದರಲ್ಲಿ ಲೇಖಕರು ನಿಜ, ಜರ್ನಲ್ ನಿಜ, ಲೇಖನ ಮಾತ್ರ ಸುಳ್ಳು. ಏಳರಲ್ಲಿ ಐದು ಹುಟ್ಟಿಯೇ ಇಲ್ಲ. ನನಗೆ ಅಲ್ಲೇ ಬೆವರಿಳಿಯಿತು. ಮೇಡಂ ಬೈಯಲಿಲ್ಲ. "ಯಾವ ಮಾತಿಗೆ ಆಧಾರ ಅಂತ ಇದನ್ನು ಹಾಕಿದ್ದೀಯಪ್ಪಾ? ಆ ಸಾಲು ಓದು" ಅಂದರು. ಓದಿದೆ. ಮುಕ್ಕಾಲು ಗಂಟೆಯಲ್ಲಿ ಅದೇ ವಿಷಯಕ್ಕೆ ನಾಲ್ಕು ನಿಜವಾದ ಪೇಪರ್ ತೆಗೆದುಕೊಟ್ಟರು. ಅದರಲ್ಲಿ ಒಂದು ನಾನು ಬರೆದದ್ದಕ್ಕೆ ಪೂರಾ ಉಲ್ಟಾ ಹೇಳುತ್ತದೆ.

ಇವರಿಗೆ ಇಷ್ಟೆಲ್ಲ ಬರುತ್ತದೆ ಅಂತ ನನಗೆ ಯಾರೂ ಹೇಳಿರಲೇ ಇಲ್ಲ. ನಿಮ್ಮ ಕಾಲೇಜುಗಳಲ್ಲಿ ಹೇಗೆ? ಇನ್ನೂ ಏನೇನು ಕೇಳಬಹುದು?

ಬ್ಯಾಕ್‌ಲಾಗ್_ಬಸವ
ನಾನು ಕೇಳಿದ್ದು ಒಂದೇ. "ಮೇಡಂ, ಪುಸ್ತಕ ಕಳೆದುಹೋದರೆ ಎಷ್ಟು ಕಟ್ಟಬೇಕು?"

ಕರಾವಳಿ_ಕೋಡರ್
ಕುಮಾರ, ನಿನ್ನ ತಪ್ಪಿಗೆ ಡಿಒಐ ಹಾಕಿ ನೋಡಿದ್ದು ದೊಡ್ಡ ವಿದ್ಯೆಯಾ? ಅದನ್ನು ನೀನೇ ಎರಡು ನಿಮಿಷದಲ್ಲಿ ಮಾಡಬಹುದಿತ್ತು. ನಾನು ಕಂಪ್ಯೂಟರ್ ಸೈನ್ಸ್. ನಮ್ಮ ಪೇಪರ್‌ಗಳೆಲ್ಲ ಆರ್‌ಕೈವ್ ಅನ್ನುವ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಕೋಡ್ ಗಿಟ್‌ಹಬ್‌ನಲ್ಲಿದೆ. ನಮ್ಮ ಲೈಬ್ರರಿಯ ಪ್ರೋಗ್ರಾಮಿಂಗ್ ರ‍್ಯಾಕ್‌ನಲ್ಲಿ ಇನ್ನೂ ಟರ್ಬೋ ಸಿ ಪುಸ್ತಕ ಇದೆ, ಹಿಂದೆ ಫ್ಲಾಪಿ ಇಡುವ ಜೇಬು ಸಮೇತ. ಲೈಬ್ರರಿ ಬೇಕು, ಎಸಿ ಇರುತ್ತದೆ. ಲೈಬ್ರರಿಯನ್ ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹುಬ್ಳಿ_ಟ್ರಾನ್ಸ್‌ಫಾರ್ಮರ್
ಎಸಿ ಇರುವ ಲೈಬ್ರರಿ! ಪುಣ್ಯವಂತರು ನೀವು. ನಮ್ಮಲ್ಲಿ ಫ್ಯಾನ್ ಕೆಳಗಿನ ಸೀಟಿಗೆ ಬೆಳಿಗ್ಗೆಯೇ ಟವೆಲ್ ಹಾಕಬೇಕಿತ್ತು ನೋಡ್ರಿ.

ರಿಟೈರ್ಡ್_ಗ್ರಂಥಪಾಲಕಿ
ಕೋಡರ್ ಅವರೇ, 27 ವರ್ಷ ಇಂಜಿನಿಯರಿಂಗ್ ಕಾಲೇಜಿನಲ್ಲೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಟರ್ಬೋ ಸಿ ಪುಸ್ತಕ ಯಾಕಿದೆ ಅಂತ ಹೇಳುತ್ತೇನೆ. ರೈಟ್ ಆಫ್ ಮಾಡಲು, ಅಂದರೆ ಹಳೇ ಪುಸ್ತಕ ಲೆಕ್ಕದಿಂದ ತೆಗೆಯಲು, ಒಂದು ಕಮಿಟಿ ಕೂರಬೇಕು, ಪ್ರಿನ್ಸಿಪಾಲರ ಸಹಿ ಆಗಬೇಕು, ಆಮೇಲೆ ಆಡಿಟ್‌ನವರು "ಇಷ್ಟು ಪುಸ್ತಕ ಎಲ್ಲಿ ಹೋಯಿತು" ಅನ್ನುತ್ತಾರೆ. ಅದಕ್ಕಿಂತ ರ‍್ಯಾಕ್‌ನಲ್ಲೇ ಧೂಳು ಹಿಡಿಯಲಿ ಅಂತ ಬಿಡುತ್ತೇವೆ. ತಪ್ಪೇ. ಒಪ್ಪಿಕೊಳ್ಳುತ್ತೇನೆ.

ಆದರೆ ಕುಮಾರನ ಮೇಡಂ ಮಾಡಿದ ಕೆಲಸ ಡಿಒಐ ಹಾಕಿದ್ದಲ್ಲ. "ಆ ಸಾಲು ಓದು" ಅಂದರಲ್ಲ, ಅದು. ಹುಡುಗರು ಕೇಳುವುದು ಒಂದು, ಅವರಿಗೆ ಬೇಕಾಗಿರುವುದು ಇನ್ನೊಂದು. ಒಮ್ಮೆ ಮೆಕ್ಯಾನಿಕಲ್ ಹುಡುಗರು ನಾಲ್ವರು ಬಂದು "ಮೋಟರ್ ಬಗ್ಗೆ ಪುಸ್ತಕ ಕೊಡಿ" ಅಂದರು. ಮೋಟರ್ ಪುಸ್ತಕ ಎಲೆಕ್ಟ್ರಿಕಲ್ ರ‍್ಯಾಕ್‌ನಲ್ಲಿ ಎರಡು ಸಾಲು ಇವೆ, ಕೈ ತೋರಿಸಿ ಕಳಿಸಬಹುದಿತ್ತು. ಯಾಕೆ ಬೇಕು ಅಂತ ಕೇಳಿದೆ. ಅಡಿಕೆ ಸುಲಿಯುವ ಯಂತ್ರ ಮಾಡುತ್ತಿದ್ದಾರೆ. ಮೋಟರ್ ಚೆನ್ನಾಗಿಯೇ ಇದೆ, ಸಿಪ್ಪೆಯ ನಾರು ಸುತ್ತಿಕೊಂಡು ಬೇರಿಂಗ್ ಹಿಡಿಯುತ್ತಿದೆ. ಅವರಿಗೆ ಬೇಕಿದ್ದದ್ದು ಬೇರಿಂಗ್ ಒಳಗೆ ನಾರು ಹೋಗದ ಹಾಗೆ ತಡೆಯುವ ಸೀಲ್ ಬಗ್ಗೆ. ಅದು ಬೇರೆಯೇ ರ‍್ಯಾಕ್.

ಆಮೇಲೆ ಪೇಟೆಂಟ್ ಹುಡುಕುವುದನ್ನೂ ತೋರಿಸಿದೆ. ಭಾರತದ ಪೇಟೆಂಟ್ ಕಚೇರಿಯ ತಾಣದಲ್ಲಿ ಇನ್‌ಪಾಸ್ ಅಂತ ಒಂದಿದೆ, ಪುಕ್ಕಟೆ. ಅಡಿಕೆ ಸುಲಿಯುವ ಯಂತ್ರಕ್ಕೆ ಎಷ್ಟು ಅರ್ಜಿಗಳು ಅಂತ ನೋಡಿ ಹುಡುಗರ ಮುಖ ಬಾಡಿತು. ಹೊಸದು ಕಂಡುಹಿಡಿಯುತ್ತಿದ್ದೇವೆ ಅಂದುಕೊಂಡಿದ್ದರು ಪಾಪ. ಆದರೆ ಅದನ್ನು ಓದಿದ ಮೇಲೆ, ನಾರು ಸುತ್ತದ ಹಾಗೆ ಮಾಡುವುದೊಂದನ್ನೇ ಹಿಡಿದುಕೊಂಡು ಕೆಎಸ್‌ಸಿಎಸ್‌ಟಿಗೆ (ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಪ್ರಾಜೆಕ್ಟ್ ಹಣಕ್ಕೆ ಅರ್ಜಿ ಹಾಕಿದರು. ಸಿಕ್ಕಿತು ಕೂಡ.

ಮಲ್ನಾಡ್_ಮೆಕ್ಯಾನಿಕ್
ಮೇಡಂ, ಆ ನಾಲ್ವರು ನಾವೇ ಇರಬಹುದಾ ಅಂತ ಅನುಮಾನ ಬಂತು! ಅಲ್ಲ ಬಿಡಿ, ನಮ್ಮದು ಕಾಳುಮೆಣಸು ಬಿಡಿಸುವ ಯಂತ್ರ. ಮಲೆನಾಡಿನ ಕಡೆ ಪ್ರತಿ ಬ್ಯಾಚ್‌ನಲ್ಲೂ ಒಂದು ಅಡಿಕೆ, ಒಂದು ಮೆಣಸು ಇದ್ದೇ ಇರುತ್ತದೆ.

ಪಾರ್ಟ್‌ಟೈಮ್_ಪಿಎಚ್‌ಡಿ
ನಾನು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಎರಡು ಅನುಭವ.

ಒಂದು. ಕಾಲೇಜಿನಿಂದ ಪೇಪರ್ ಹಾಕಿ, ಪೇಪರ್ ಹಾಕಿ ಅಂತ ಒಂದೇ ಸಮನೆ ಒತ್ತಡ. ಒಂದು ಜರ್ನಲ್‌ನಿಂದ ಮೇಲ್ ಬಂತು, ನಾಲ್ಕೇ ದಿನಕ್ಕೆ ಅಕ್ಸೆಪ್ಟ್, 12 ಸಾವಿರ ರೂಪಾಯಿ ಕಟ್ಟಿ ಅಂದರು. ಜರ್ನಲ್‌ನ ಗುರುತಾದ ಐಎಸ್‌ಎಸ್‌ಎನ್ ಸಂಖ್ಯೆ ಸರಿಯಿತ್ತು, ಜರ್ನಲ್‌ಗಳ ದೊಡ್ಡ ಸೂಚಿಯಾದ ಸ್ಕೋಪಸ್‌ನಲ್ಲೂ ಹೆಸರಿತ್ತು. ದುಡ್ಡು ಕಟ್ಟುವ ಮುಂಚೆ ಸುಮ್ನೆ ನಮ್ಮ ಲೈಬ್ರರಿಯನ್ ಸರ್‌ಗೆ ತೋರಿಸಿದೆ. ಅವರು ಸ್ಕೋಪಸ್ ಪುಟದಿಂದಲೇ ಆ ಜರ್ನಲ್‌ನ ಅಸಲಿ ತಾಣಕ್ಕೆ ಹೋದರು. ವಿಳಾಸವೇ ಬೇರೆ! ನನಗೆ ಮೇಲ್ ಹಾಕಿದ್ದು ಅದೇ ಹೆಸರಿನ ನಕಲಿ ತಾಣ. ಮೊದಲಾದರೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ ನೋಡು ಅನ್ನಬಹುದಿತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನೂ ನಿಲ್ಲಿಸಿತು. ಈಗ ಜರ್ನಲ್ ಒಳ್ಳೆಯದೋ ಕೆಟ್ಟದ್ದೋ ತೂಗಿ ನೋಡುವ ಕೆಲಸ ಕಾಲೇಜುಗಳ ತಲೆ ಮೇಲೇ ಬಿತ್ತು. ಅಂದರೆ ಯಾರ ತಲೆ ಮೇಲೆ? ಲೈಬ್ರರಿಯನ್ ತಲೆ ಮೇಲೆ.

ಎರಡು. ಪ್ಲೇಜಿಯರಿಸಂ ರಿಪೋರ್ಟ್, ಅಂದರೆ ನಮ್ಮ ಬರಹ ಬೇರೆಯವರದ್ದಕ್ಕೆ ಎಷ್ಟು ಹೊಂದುತ್ತದೆ ಅನ್ನುವ ಲೆಕ್ಕ. ಮೊದಲ ಸಲ 34% ಬಂತು, ಊಟ ಸೇರಲಿಲ್ಲ. ಸರ್ ಪೂರ್ತಿ ರಿಪೋರ್ಟ್ ತೆರೆದು ಒಂದೊಂದೇ ಬಣ್ಣ ತೋರಿಸಿದರು. ಅರ್ಧಕ್ಕರ್ಧ ರೆಫರೆನ್ಸ್ ಪಟ್ಟಿಯೇ ಹೊಂದಿಕೆಯಾಗಿತ್ತು. ಅದನ್ನು ಬಿಟ್ಟು ಮತ್ತೆ ಓಡಿಸಿದರೆ 14. ಇನ್ನೂ ಕಡಿಮೆ ಮಾಡಿಕೊಡಿ ಸರ್, ಸೆಟ್ಟಿಂಗ್‌ನಲ್ಲಿ ಏನೋ ಇದೆಯಂತಲ್ಲ ಅಂದೆ. "ಅದು ನಾನು ಮಾಡುವುದಿಲ್ಲ. ಮೂರನೇ ಅಧ್ಯಾಯದ ಎರಡು ಪ್ಯಾರಾ ನೀವು ಎತ್ತಿ ಹಾಕಿದ್ದೀರಿ, ಕೂತು ಬರೆಯಿರಿ" ಅಂದರು. ನಾಚಿಕೆಯಾಯಿತು. ಬರೆದೆ.

ಬ್ಯಾಕ್‌ಲಾಗ್_ಬಸವ
34% ಬಂದರೆ ಫೇಲಾ ಸರ್? ನಮಗೆ 35ಕ್ಕೆ ಪಾಸ್ ಇತ್ತು.

ಪಾರ್ಟ್‌ಟೈಮ್_ಪಿಎಚ್‌ಡಿ
ಇಲ್ಲಿ ಉಲ್ಟಾ ಮಾರಾಯ. ಕಡಿಮೆ ಬಂದಷ್ಟೂ ಒಳ್ಳೆಯದು.

ಬೆಣ್ಣೆದೋಸೆ_ದಾವಣಗೆರೆ
ಇದನ್ನು ಸರಿಯಾಗಿ ಹೇಳಿಬಿಡುತ್ತೇನೆ, ವಾಟ್ಸಾಪ್‌ನಲ್ಲಿ ಏನೇನೋ ಓಡಾಡುತ್ತಿದೆ. ಯುಜಿಸಿ 2018ರ ನಿಯಮದಲ್ಲಿ 10%ವರೆಗೆ ದಂಡನೆ ಇಲ್ಲ. 10ರಿಂದ 40 ಆದರೆ ಥೀಸಿಸ್ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಹೆಚ್ಚೆಂದರೆ 6 ತಿಂಗಳು. 40ರಿಂದ 60 ಆದರೆ ಒಂದು ವರ್ಷ ಕೊಡುವ ಹಾಗಿಲ್ಲ. 60 ದಾಟಿದರೆ ರಿಜಿಸ್ಟ್ರೇಷನ್ನೇ ರದ್ದು. ರೆಫರೆನ್ಸ್ ಪಟ್ಟಿ, ಪರಿವಿಡಿ, ಕೃತಜ್ಞತೆ ಇವು ಲೆಕ್ಕಕ್ಕಿಲ್ಲ. ನಮ್ಮ ಇಂಜಿನಿಯರಿಂಗ್‌ನವರಿಗೆ ಮುಖ್ಯವಾದದ್ದು ಎಂದರೆ ಸ್ಟ್ಯಾಂಡರ್ಡ್ ಸಮೀಕರಣಗಳೂ ಲೆಕ್ಕಕ್ಕಿಲ್ಲ. ಎಲ್ಲರಿಗೂ ಗೊತ್ತಿರುವ ಮಾತು ಸತತ 14 ಪದದವರೆಗೆ ಹೊಂದಿದರೆ ಅದನ್ನೂ ಬಿಡುತ್ತಾರೆ. ನಿಮ್ಮ ಯೂನಿವರ್ಸಿಟಿಯದ್ದು ಬೇರೆ ಮಿತಿ ಇದೆಯಾ ಅಂತಲೂ ಕೇಳಿಕೊಳ್ಳಿ.

ಹುಬ್ಳಿ_ಟ್ರಾನ್ಸ್‌ಫಾರ್ಮರ್
ಒಂದು ಡೌಟು. ಈಗ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಬಂದಿದೆಯಲ್ಲ, ಎಲ್ಲ ಜರ್ನಲ್ಲೂ ಎಲ್ಲರಿಗೂ ಫ್ರೀ ಅಲ್ವಾ? ಇನ್ನು ಲೈಬ್ರರಿಯನ್ ಕೆಲಸ ಏನು ಉಳಿಯಿತು?

ಲೈಬ್ರರಿ_ಕೌಂಟರ್_ಒಳಗಿಂದ
ಎಲ್ಲರಿಗೂ ಅಲ್ಲ ಸರ್. ನಾನು ಈಗ ಸರ್ವಿಸ್‌ನಲ್ಲಿರುವ ಲೈಬ್ರರಿಯನ್, ದಿನಾ ನಾಲ್ಕು ಜನ ಇದನ್ನೇ ಕೇಳುತ್ತಾರೆ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ್ದು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ನೋಡಿಕೊಳ್ಳುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್, ಯುಜಿಸಿಯ ಲೈಬ್ರರಿ ಜಾಲದ ಕೇಂದ್ರ. ಆದರೆ ಇದು ಶುರುವಾದದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರದ ಸಂಸ್ಥೆಗಳಿಗೆ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನವರಿಗೆ ಲಾಭ. ನಮ್ಮಂಥ ಖಾಸಗಿ ಕಾಲೇಜುಗಳನ್ನು ಮೊದಲ ಹಂತದಲ್ಲಿ ಸೇರಿಸಲಿಲ್ಲ. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಓದುವವರಲ್ಲಿ ಹೆಚ್ಚಿನವರು ಎಲ್ಲಿದ್ದಾರೆ ಹೇಳಿ? ನಮಗೆ ವಿಟಿಯು ಕನ್ಸಾರ್ಷಿಯಂ ಇದೆ, ಎಲ್ಲ ಕಾಲೇಜು ಒಟ್ಟಾಗಿ ಚಂದಾ ಕಟ್ಟುವ ಏರ್ಪಾಡು. ಪುಸ್ತಕವೇ ಬೇಕಾದರೆ ಡೆಲ್ನೆಟ್ ಅನ್ನುವ ಲೈಬ್ರರಿ ಜಾಲದ ಮೂಲಕ ಬೇರೆ ಊರಿನ ಲೈಬ್ರರಿಯಿಂದಲೂ ತರಿಸಬಹುದು, ಕಾಲೇಜು ಮೆಂಬರ್ ಆಗಿದ್ದರೆ.

ಇದೆಲ್ಲ ಇದ್ದೂ ಬಳಸುವವರು ಯಾರು? ಹಾಸ್ಟೆಲ್‌ನಿಂದ ಲಾಗಿನ್ ಆಗುವುದಕ್ಕೆ ಪಾಸ್‌ವರ್ಡ್ ಕೊಡುತ್ತೇವೆ, ಮೊದಲ ವರ್ಷ ಓರಿಯಂಟೇಷನ್‌ನಲ್ಲಿ ಹೇಳುತ್ತೇವೆ. ಅವತ್ತು ಹುಡುಗರ ಗಮನ ಪೂರ್ತಿ ಐಡಿ ಕಾರ್ಡ್ ಫೋಟೋ ಮೇಲೆ. ಏಳನೇ ಸೆಮಿಸ್ಟರ್‌ನಲ್ಲಿ ಓಡಿ ಬಂದು "ಸರ್, ಐಇಇಇ ಜರ್ನಲ್ ಇದೆಯಾ ನಮ್ಮಲ್ಲಿ" ಅನ್ನುತ್ತಾರೆ.

ಕರಾವಳಿ_ಕೋಡರ್
ದುಡ್ಡಿನ ಪೇಪರ್‌ಗಳನ್ನು ಅನುಮತಿ ಇಲ್ಲದೆ ಪುಕ್ಕಟೆ ಕೊಡುವ ಸೈ-ಹಬ್ ಇದ್ದಿದ್ದರೆ ಈ ತಲೆನೋವೇ ಇರಲಿಲ್ಲ.

ಲೈಬ್ರರಿ_ಕೌಂಟರ್_ಒಳಗಿಂದ
2025ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶದಿಂದ ಅದು ಬ್ಲಾಕ್ ಆಯಿತು. ಇಲ್ಲದಿದ್ದರೂ ನಾನು ಅದನ್ನು ತೋರಿಸುವ ಹಾಗಿಲ್ಲ. ಲೇಖಕರಿಗೆ ಒಂದು ಮೇಲ್ ಹಾಕಿ, ಎಷ್ಟೋ ಜನ ಖುಷಿಯಿಂದ ಕಳಿಸುತ್ತಾರೆ. ನನ್ನ ಪೇಪರ್ ಓದುವವರೂ ಇದ್ದಾರಲ್ಲ ಅಂತ ಅವರಿಗೇ ಆಶ್ಚರ್ಯ.

ಹ್ಯಾನೋವರ್_ಕನ್ನಡತಿ
ಜರ್ಮನಿಯಿಂದ ಒಂದು ಮಾತು. ನಾನು ಹ್ಯಾನೋವರ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿ ಟಿಐಬಿ ಅಂತ ಇದೆ, ಇಡೀ ದೇಶಕ್ಕೆ ಇಂಜಿನಿಯರಿಂಗ್, ವಿಜ್ಞಾನದ ರಾಷ್ಟ್ರೀಯ ಲೈಬ್ರರಿ. 1959ರಲ್ಲಿ ಶುರುವಾದದ್ದು. ಇಲ್ಲಿ ವಿಷಯಕ್ಕೊಬ್ಬ ಲೈಬ್ರರಿಯನ್ ಇರುತ್ತಾರೆ, ಅವರು ಆ ವಿಷಯದಲ್ಲೇ ಡಿಗ್ರಿ ಮಾಡಿರುತ್ತಾರೆ. ಪ್ರಯೋಗದ ದತ್ತಾಂಶ ಎಲ್ಲಿಡಬೇಕು, ಫೈಲಿಗೆ ಏನು ಹೆಸರು ಕೊಡಬೇಕು ಅಂತಲೂ ಹೇಳಿಕೊಡುತ್ತಾರೆ. ಪೇಪರ್‌ಗೆ ಇರುವ ಹಾಗೆ ಸಂಶೋಧನೆಯ ದತ್ತಾಂಶಕ್ಕೂ ಡಿಒಐ ಸಂಖ್ಯೆ ಕೊಡಲು ಶುರು ಮಾಡಿದ್ದೂ ಇದೇ ಲೈಬ್ರರಿ, 2005ರಲ್ಲಿ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಇವತ್ತಿಗೂ "ಫೈನಲ್", "ಫೈನಲ್ ಹೊಸದು", "ಇದೇ ಫೈನಲ್" ಅಂತ ಮೂರು ಫೋಲ್ಡರ್ ಇವೆ. ಯಾವುದು ಫೈನಲ್ ಅಂತ ದೇವರಿಗೇ ಗೊತ್ತು.

ಬೆಣ್ಣೆದೋಸೆ_ದಾವಣಗೆರೆ
ಬಂತಪ್ಪ, ಫಾರಿನ್ ಪುರಾಣ. ಅಲ್ಲಿಯ ಬಜೆಟ್ ಕೊಡಿ, ನಾವೂ ಮಾಡುತ್ತೇವೆ.

ಹ್ಯಾನೋವರ್_ಕನ್ನಡತಿ
ಫೈಲಿಗೆ ಹೆಸರಿಡಲು ಎಷ್ಟು ಬಜೆಟ್ ಬೇಕು ದೋಸೆ ಅಣ್ಣಾ?

ರಿಟೈರ್ಡ್_ಗ್ರಂಥಪಾಲಕಿ
ವಿಷಯ ಓದಿದವರು ಲೈಬ್ರರಿಯನ್ ಆಗುವುದು ನಮಗೇನು ಹೊಸದಲ್ಲ. ಎಸ್. ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ಯೂನಿವರ್ಸಿಟಿಗೆ ಲೈಬ್ರರಿಯನ್ ಆದರು. ಕೊನೆಗೆ ಬೆಂಗಳೂರಿಗೇ ಬಂದು 1962ರಲ್ಲಿ ಲೈಬ್ರರಿ ವಿಜ್ಞಾನ ಕಲಿಸುವ ಡಿಆರ್‌ಟಿಸಿ ಶುರು ಮಾಡಿದರು, ಈಗಲೂ ನಡೆಯುತ್ತಿದೆ. ಓದುಗರ ಸಮಯ ಉಳಿಸು ಅಂತ ಅವರದೊಂದು ಸೂತ್ರ. ಕುಮಾರ ಎರಡು ದಿನ ಹುಡುಕಿದ್ದಕ್ಕೂ ಮುಕ್ಕಾಲು ಗಂಟೆಗೂ ಇರುವ ಅಂತರ ಅದೇ. ನಮ್ಮಲ್ಲಿ ಬುದ್ಧಿ ಇರುವವರಿಗೆ ಕೊರತೆ ಇಲ್ಲ. ಇಂಜಿನಿಯರಿಂಗ್ ಮಾಡಿದ ಹುಡುಗಿ ಲೈಬ್ರರಿಯನ್ ಆಗುತ್ತೇನೆ ಅಂದರೆ ಮನೆಯಲ್ಲಿ ಬಿಡುತ್ತಾರಾ, ಆ ಸಂಬಳಕ್ಕೆ?

ಲೈಬ್ರರಿ_ಕೌಂಟರ್_ಒಳಗಿಂದ
ಸಂಬಳದ ಮಾತು ಬಿಡಿ ಮೇಡಂ, ಸಮಯ ಎಲ್ಲಿದೆ? ಈ ತಿಂಗಳು ಪೂರ್ತಿ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರ ಫೈಲು. ಲೈಬ್ರರಿಗೆ ದಿನಕ್ಕೆ ಎಷ್ಟು ಜನ ಬಂದರು ಅಂತ ರಿಜಿಸ್ಟರ್ ಬೇಕು, ಸಹಿ ಬೇಕು, ಫೋಟೋ ಬೇಕು. ಒಬ್ಬ ಹುಡುಗನ ಜೊತೆ ಮುಕ್ಕಾಲು ಗಂಟೆ ಕೂತು ಪೇಪರ್ ಹುಡುಕಿಕೊಟ್ಟರೆ ಅದನ್ನು ಬರೆಯಲು ಆ ಫೈಲಿನಲ್ಲಿ ಕಾಲಮ್ಮೇ ಇಲ್ಲ. ರಿಜಿಸ್ಟರ್‌ನಲ್ಲಿ ಅವನೂ ಒಂದೇ, ಎಸಿಗೆ ಬಂದು ನಿದ್ದೆ ಮಾಡಿದವನೂ ಒಂದೇ.

ಕರಾವಳಿ_ಕೋಡರ್
ನಿದ್ದೆ ಮಾಡಿದವನು ನಾನು. ಸಾರಿ ಸರ್.

ಸೂಜಿಮಲ್ಲಿಗೆ_ಇಸಿ
ಎಲ್ಲರೂ ಪಿಎಚ್‌ಡಿ, ಜರ್ನಲ್ ಅಂತಲೇ ಮಾತಾಡುತ್ತಿದ್ದೀರಿ. ಬಿಇ ಹುಡುಗರ ಕಥೆ ಹೇಳುತ್ತೇನೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಸ್‌ಸಿ-ಎಸ್‌ಟಿ ಬುಕ್ ಬ್ಯಾಂಕ್ ಇಲ್ಲದಿದ್ದರೆ ನಾನು ಇಂಜಿನಿಯರಿಂಗ್ ಮುಗಿಸುತ್ತಿರಲಿಲ್ಲ. ಒಂದೊಂದು ಪುಸ್ತಕ 800 ರೂಪಾಯಿ, ಅಪ್ಪನಿಗೆ ಎರಡು ದಿನದ ಕೂಲಿ. ಸೆಮಿಸ್ಟರ್ ಶುರುವಾಗುವ ಮೊದಲೇ ಲೈಬ್ರರಿಯನ್ ಸರ್ ನಮ್ಮ ಸೆಟ್ ಕಟ್ಟಿ ಒಳಗಿನ ರೂಮಿನಲ್ಲಿ ಇಟ್ಟಿರುತ್ತಿದ್ದರು. ಕೌಂಟರ್‌ನಲ್ಲಿ ಎಲ್ಲರ ಮುಂದೆ ಹೆಸರು ಕೂಗಿ ಕೊಡುತ್ತಿರಲಿಲ್ಲ. ಅದು ಬೇಕಂತಲೇ ಮಾಡಿದ್ದು ಅಂತ ನನಗೆ ತಿಳಿದದ್ದು ಮೂರನೇ ವರ್ಷ.

ಇನ್ನೊಬ್ಬರನ್ನು ಯಾರೂ ನೆನೆಯಲಿಲ್ಲ. ಅಟೆಂಡರ್ ಅಣ್ಣ. ಓದಿದ್ದು ಏಳನೇ ಕ್ಲಾಸು. ಆದರೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ಗೆ ಯಾವ ಪುಸ್ತಕದಲ್ಲಿ ಲೆಕ್ಕ ಬಿಡಿಸಿ ತೋರಿಸಿದ್ದಾರೆ, ಯಾವುದರಲ್ಲಿ ಬರೀ ಥಿಯರಿ, ಎಲ್ಲ ಗೊತ್ತು. "ಆ ಕೆಂಪು ಪುಸ್ತಕ ಬೇಡ ತಂಗಿ, ಹೋದ ವರ್ಷ ತಗೊಂಡವರೆಲ್ಲ ಎರಡೇ ದಿನಕ್ಕೆ ವಾಪಸ್ ತಂದರು. ನೀಲಿದು ತಗೋ" ಅನ್ನೋರು. ಸ್ಕೀಮ್ ಬದಲಾದಾಗ ಹಳೇ ಪ್ರಶ್ನೆಪತ್ರಿಕೆಗಳಲ್ಲಿ ಯಾವುದು ಈಗಿನ ಸಿಲಬಸ್‌ಗೆ ಹೊಂದುತ್ತದೆ ಅಂತ ಬೇರೆ ಬೇರೆ ಕಟ್ಟು ಮಾಡಿ ಇಡುತ್ತಿದ್ದದ್ದೂ ಅವರೇ.

ಹುಬ್ಳಿ_ಟ್ರಾನ್ಸ್‌ಫಾರ್ಮರ್
ಕಣ್ಣಲ್ಲಿ ನೀರು ಬಂತು ಅಕ್ಕಾ. ನಮ್ಮಲ್ಲೂ ಹೀಗೇ ಒಬ್ಬರು ಕಾಕಾ ಇದ್ದರು. ಗೇಟ್ ಎಕ್ಸಾಮ್‌ಗೆ ಓದೋರಿಗೆ ಕೀಲಿ ಹಾಕೋ ಹೊತ್ತಾದರೂ ಅರ್ಧ ತಾಸು ಬಿಡುತ್ತಿದ್ದರು.

ಮಲ್ನಾಡ್_ಮೆಕ್ಯಾನಿಕ್
ಎಲ್ಲ ಸರಿ, ಬ್ಯಾಗ್ ಯಾಕೆ ಹೊರಗೆ ಇಡಿಸುತ್ತಾರೆ? ಮಳೆಗಾಲದಲ್ಲಿ ನನ್ನ ಮೂರು ಕೊಡೆ ಹೋಗಿವೆ.

ರಿಟೈರ್ಡ್_ಗ್ರಂಥಪಾಲಕಿ
ಬ್ಯಾಗ್ ಒಳಗೆ ಬಿಟ್ಟ ವರ್ಷ ನನ್ನ ಹ್ಯಾಂಡ್‌ಬುಕ್‌ಗಳು ಹೋಗಿವೆ. ಲೆಕ್ಕ ಸರಿಹೋಯಿತು.

ಬೆಣ್ಣೆದೋಸೆ_ದಾವಣಗೆರೆ
ಕುಮಾರ ಎಲ್ಲಿ ಹೋದ? ನೀನು ಕೇಳಿದ್ದು ಇನ್ನೇನು ಕೇಳಬಹುದು ಅಂತ. ಜೋಟೆರೋ ಹಾಕಿಕೊಡಿ ಅಂತ ಕೇಳು. ಪುಕ್ಕಟೆ ಸಾಫ್ಟ್‌ವೇರ್, ರೆಫರೆನ್ಸ್‌ಗಳನ್ನೆಲ್ಲ ಅದೇ ಜೋಡಿಸುತ್ತದೆ. ನಾನು ಥೀಸಿಸ್ ಕೊಡುವ ಹಿಂದಿನ ರಾತ್ರಿ 112 ರೆಫರೆನ್ಸ್‌ಗೆ ಕೈಯಲ್ಲಿ ನಂಬರ್ ಹಾಕಿದವನು. ನಡುವೆ ಒಂದು ಬಿಟ್ಟುಹೋಗಿ ಎಲ್ಲ ಮತ್ತೆ ಮೊದಲಿನಿಂದ. ಆ ಪಾಪ ನಿನಗೆ ಬೇಡ.

ಕಾಂಕ್ರೀಟ್_ಕುಮಾರ
ಇಲ್ಲೇ ಇದ್ದೇನೆ ಸರ್. ಇವತ್ತು ಮತ್ತೆ ಮೇಡಂ ಹತ್ತಿರ ಹೋಗಿದ್ದೆ, ಜೋಟೆರೋ ಕೇಳಲಿಕ್ಕೇ. ಹಾಕಿಕೊಟ್ಟರು. ಹಾಕುವಾಗ ನನ್ನ ಪಟ್ಟಿ ಓದುತ್ತಾ ಒಂದು ಕಡೆ ನಿಂತರು. "ನನಗೆ ಕಾಂಕ್ರೀಟ್ ಬಗ್ಗೆ ಏನೂ ಗೊತ್ತಿಲ್ಲಪ್ಪ. ಆದರೆ ನೀನು ಐಎಸ್ 10262 ಅಂತ ಬರೆದು 2009 ಹಾಕಿದ್ದೀಯ. ಅದು 2019ರಲ್ಲಿ ಹೊಸದು ಬಂದಿದೆ, ಹಳೆಯದನ್ನು ನಾನೇ ರ‍್ಯಾಕ್‌ನಿಂದ ತೆಗೆಸಿದ್ದು" ಅಂದರು.

ಐಎಸ್ 10262 ಅಂದರೆ ಕಾಂಕ್ರೀಟಿಗೆ ಯಾವುದನ್ನು ಎಷ್ಟು ಬೆರೆಸಬೇಕು ಅಂತ ಹೇಳುವ ಕೋಡ್. ನನ್ನ ಮಿಕ್ಸ್ ಡಿಸೈನ್ ಪೂರ್ತಿ ಅದರ ಮೇಲೇ ನಿಂತಿದೆ. ಸೀನಿಯರ್ ಕೊಟ್ಟ ಎಕ್ಸೆಲ್ ಶೀಟ್, ಕಣ್ಣು ಮುಚ್ಚಿ ಬಳಸಿದ್ದೆ. ಇಂಥ ಕೋಡ್‌ಗಳನ್ನು ಹೊರಡಿಸುವ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತಾಣದಲ್ಲಿ ರಿಜಿಸ್ಟರ್ ಆದರೆ ಕೋಡ್ ಪುಕ್ಕಟೆ ಇಳಿಸಿಕೊಳ್ಳಬಹುದಂತೆ. ಇಷ್ಟು ದಿನ ಜೆರಾಕ್ಸ್ ಅಂಗಡಿಯ ಮಸುಕು ಪ್ರತಿ ಇಟ್ಟುಕೊಂಡಿದ್ದೆ. ಅಲ್ಲೇ ಇಳಿಸಿ, ಅಲ್ಲೇ ಕೂತು ಲೆಕ್ಕ ಮಾಡಿದೆ.

ರಿಟೈರ್ಡ್_ಗ್ರಂಥಪಾಲಕಿ
ಎಷ್ಟು ವ್ಯತ್ಯಾಸ ಬಂತು ಮಗಾ?

ಕಾಂಕ್ರೀಟ್_ಕುಮಾರ
ನನ್ನದು ಎಂ30 ದರ್ಜೆಯ ಕಾಂಕ್ರೀಟ್, ಅದಕ್ಕೆ ಟಾರ್ಗೆಟ್ ಸ್ಟ್ರೆಂತ್ (ಮುಟ್ಟಬೇಕಾದ ಬಲ) ಬದಲಾಗಲಿಲ್ಲ ಮೇಡಂ. ಹೊಸ ಕೋಡ್‌ನಲ್ಲಿ ಎರಡು ಥರ ಲೆಕ್ಕ ಮಾಡಿ ಜಾಸ್ತಿ ಬಂದದ್ದನ್ನು ತಗೋಬೇಕು. ಒಂದರಲ್ಲಿ 36.5, ಇನ್ನೊಂದರಲ್ಲಿ 38.25. ನನ್ನ ಹಳೇದೂ 38.25. ಅಬ್ಬಾ ಅಂದುಕೊಂಡೆ. ಆಮೇಲೆ ನೋಡಿದರೆ 20 ಮಿಮೀ ಜಲ್ಲಿಗೆ 1% ಗಾಳಿ ಹಿಡಿಯಬೇಕು ಅಂತ ಇದೆ, ನನ್ನ ಶೀಟ್‌ನಲ್ಲಿ ಅದು ಇಲ್ಲವೇ ಇಲ್ಲ. ಜಲ್ಲಿ, ಮರಳಿನ ತೂಕ ಎಲ್ಲ ಬದಲಾಯಿತು.

ಬ್ಯಾಕ್‌ಲಾಗ್_ಬಸವ
ಟೆಸ್ಟಿಗೆ ಕಾಂಕ್ರೀಟ್ ಕ್ಯೂಬ್ ಹಾಕಿಯಾಗಿತ್ತಾ?

ಕಾಂಕ್ರೀಟ್_ಕುಮಾರ
ಟ್ರಯಲ್ ಮಿಕ್ಸ್‌ದು ಒಂಬತ್ತು ಮಾತ್ರ. ಶನಿವಾರ ಮತ್ತೆ ಹಾಕಬೇಕು. ಲ್ಯಾಬ್ ಅಸಿಸ್ಟೆಂಟ್‌ಗೆ ಇನ್ನೂ ಹೇಳಿಲ್ಲ, ಅವರನ್ನು ಹೇಗೆ ಒಪ್ಪಿಸುವುದು ಅಂತ ಯಾರಾದರೂ ಹೇಳಿ.

ಮಲ್ನಾಡ್_ಮೆಕ್ಯಾನಿಕ್
ಎರಡು ಮಸಾಲೆ ದೋಸೆ, ಒಂದು ಫಿಲ್ಟರ್ ಕಾಫಿ. ಅದಕ್ಕೆ ಲೈಬ್ರರಿ ಬೇಡ.